ಮುಚ್ಚಳಕ್ಕಾಗಿ ಕೊಂಡ ತಪಲೆ

ಎಂಟು ಸಾವಿರದ ಇನ್ನೂರು ರೂಪಾಯಿ ಕೊಟ್ಟೆ. ಹೋಟೆಲಿನವರು ಕೇಳಿದ್ದು ಹನ್ನೊಂದು ಸಾವಿರ. ಇನ್ನೊಂದು ಅರ್ಧ ಗಂಟೆ ನಿಂತಿದ್ದರೆ ಏಳೂವರೆಗೆ ಇಳಿಸುತ್ತಿದ್ದೆ, ಆ ಬಗ್ಗೆ ನನಗೆ ಸಂಶಯವಿಲ್ಲ. ಹಳೆಯ ಹೋಟೆಲ್ ಪಾತ್ರೆಗಳ ವ್ಯಾಪಾರವೇ ನನ್ನ ಕಸುಬು. ಠಾಣೆಯಿಂದ ಟಿಟ್ವಾಳಾದವರೆಗೆ ಎಲ್ಲಿ ಹೋಟೆಲ್ ಮುಚ್ಚಿದರೂ ಅಡುಗೆಮನೆಯ ಸಾಮಾನನ್ನು ಒಟ್ಟಾಗಿ ಎತ್ತಿ, ಕಲ್ಯಾಣದ ನನ್ನ ಗಾಳೆಯಲ್ಲಿ, ಎಂದರೆ ಗೋದಾಮಿನಲ್ಲಿ, ತೊಳೆಸಿ, ಹೊಸದಾಗಿ ಕ್ಯಾಂಟೀನ್ ತೆರೆಯುವವರಿಗೆ ಮಾರುತ್ತೇನೆ. ಇಪ್ಪತ್ತೆರಡು ವರ್ಷಗಳಲ್ಲಿ ಮಾರಿ ಹೋಗದ ಮಾಲನ್ನು ನಾನು ಕೊಂಡದ್ದು ಇದೊಂದೇ ಸಲ. ನಲವತ್ತು ಲೀಟರಿನ ಹಿತ್ತಾಳೆ ತಪಲೆಯನ್ನು ಈಗ ಯಾರೂ ಕೇಳುವುದಿಲ್ಲ. ಒಳಗೆ ಕಲಾಯಿ ಹಾಕುವವರೇ ಸಿಗುವುದಿಲ್ಲ. ತಪಲೆ ನನಗೂ ಬೇಕಾಗಿರಲಿಲ್ಲ. ನನಗೆ ಬೇಕಾಗಿದ್ದದ್ದು ಅದರ ಮುಚ್ಚಳ.

ಠಾಣೆಯ ಮಾಜಿವಾಡಾದಲ್ಲಿ ಮುಚ್ಚುತ್ತಿದ್ದ ಹೋಟೆಲೊಂದರ ಅಡುಗೆಮನೆಯಲ್ಲಿ ನಾನು ಚಹಾ ಕುಡಿಯುತ್ತ ನಿಂತಿದ್ದೆ. ಸಾಮಾನು ಇಳಿಸುತ್ತಿದ್ದವನ ಕೈಯಿಂದ ಮುಚ್ಚಳ ಜಾರಿತು. ಜಾರಿ, ಅಂಚಿನ ಮೇಲೆ ನಿಂತು, ಕಲ್ಲುನೆಲದ ಮೇಲೆ ತಿರುಗತೊಡಗಿತು. ಮೊದಲು ನಿಧಾನವಾಗಿ ‘ಗುಂವ್... ಗುಂವ್...’ ಎಂದು, ಆಮೇಲೆ ವಾಲಿದಷ್ಟೂ ಚುರುಕಾಗಿ, ಕೊನೆಗೆ ನೂರು ಜೇನುನೊಣ ಒಂದೇ ಡಬ್ಬಿಯಲ್ಲಿದ್ದ ಹಾಗೆ ಗುಂಯ್‌ಗುಟ್ಟಿ, ತಟ್ಟನೆ ನಿಂತಿತು. ಗ್ಲಾಸನ್ನು ತುಟಿಯ ಹತ್ತಿರವೇ ಹಿಡಿದು ನಿಂತುಬಿಟ್ಟಿದ್ದೆ. ಚಹಾ ಆರಿತು. ಮಾಲೀಕರು ಉಡುಪಿ ಕಡೆಯವರೇ. “ಮುಚ್ಚಳ ಒಂದೇ ಕೊಡಿ” ಎಂದೆ. ಅವರು ನನ್ನ ಮುಖವನ್ನೇ ನೋಡಿದರು. “ಅದೆಂತ ಅಕ್ಕ, ನಿಮಗೆ ಗೊತ್ತಿಲ್ಲದ್ದಾ? ಮುಚ್ಚಳ ಕೊಟ್ರೆ ತಪಲೆ ಬೋಳಾಗ್ತದೆ. ನಮ್ಮಲ್ಲಿ ಹಾಗೆ ಕೊಡ್ಲಿಕ್ಕಿಲ್ಲ.” ಗೊತ್ತಿತ್ತು. ನಮ್ಮ ಕಡೆಯ ಹೋಟೆಲಿನವರು ತಪಲೆಯನ್ನೂ ಅದರ ಮುಚ್ಚಳವನ್ನೂ ಬೇರೆ ಮಾಡಿ ಮಾರುವುದಿಲ್ಲ. ಬಾಗಿಲು ಹಾಕುವ ದಿನವೂ ಆ ರಿವಾಜು ಬಿಡುವುದಿಲ್ಲ. ಈ ರಿವಾಜಿನಿಂದಲೇ ನನ್ನ ಹತ್ತನೆಯ ವಯಸ್ಸಿನಲ್ಲಿ ನಾನೊಂದು ಮುಚ್ಚಳವನ್ನು ಕಳೆದುಕೊಂಡಿದ್ದೆ. ಆದ್ದರಿಂದ ವಾದಿಸದೆ ದುಡ್ಡು ತೆತ್ತೆ.

ನಮ್ಮದು ಡೊಂಬಿವಲಿ ಪೂರ್ವದಲ್ಲಿ, ಸ್ಟೇಷನ್ನಿನಿಂದ ನಾಲ್ಕು ನಿಮಿಷದ ದಾರಿಯಲ್ಲಿದ್ದ ಹೋಟೆಲು. ಕೆಳಗೆ ಒಂಬತ್ತು ಮೇಜು, ಹಿಂದೆ ಅಡುಗೆಮನೆ, ಮೇಲೆ ನಾವಿದ್ದ ಎರಡು ಕೋಣೆ. ನಡುವೆ ಮರದ ಏಣಿಮೆಟ್ಟಿಲು. ಬೆಳಿಗ್ಗೆ ಆ ಮೆಟ್ಟಿಲ ಸಂದಿಯಿಂದ ಇಡ್ಲಿಯ ಹಬೆ ಮೇಲೆ ಬಂದು ಹಾಸಿಗೆಯನ್ನು ತೇವ ಮಾಡುತ್ತಿತ್ತು. ಹತ್ತರ ಹೊತ್ತಿಗೆ ಹುಣಿಸೆ ಕುದಿಯುವ ಹುಳಿವಾಸನೆ, ಹನ್ನೆರಡಕ್ಕೆ ಇಂಗು. ಗಡಿಯಾರ ನೋಡದೆ ನಾನು ವಾಸನೆಯ ಮೇಲೆಯೇ ಹೊತ್ತು ಹೇಳುತ್ತಿದ್ದೆ. ಎರಡೂವರೆಗೆ ಊಟದ ಗಿರಾಕಿಗಳೆಲ್ಲ ಹೋಗಿ, ನೆಲ ಒರೆಸಿ, ಕುರ್ಚಿಗಳನ್ನು ಮೇಜಿನ ಮೇಲೆ ಮಗುಚಿ ಹಾಕಿದರೆ ನಾಲ್ಕರವರೆಗೆ ಹೋಟೆಲು ತಣ್ಣಗಿರುತ್ತಿತ್ತು. ಒದ್ದೆ ಮೊಸಾಯಿಕ್ ನೆಲ, ಫಿನಾಯಿಲಿನ ವಾಸನೆ, ಗಲ್ಲಾದ ಹಿಂದೆ ಕುಳಿತಲ್ಲೇ ತೂಕಡಿಸುವ ಅಪ್ಪ, ದೂರದಲ್ಲಿ ಲೋಕಲ್ ಬಂದು ನಿಂತು ಹೋಗುವ ಸದ್ದು. ನಿಮಗೂ ಇಂಥದೊಂದು ಮನೆ ಇದ್ದಿರಬಹುದು. ಇದ್ದಿದ್ದರೆ ಅದು ಈಗ ಇಲ್ಲವೆಂದೂ ನಿಮಗೆ ಗೊತ್ತಿರುತ್ತದೆ. ನಮ್ಮದರ ಜಾಗದಲ್ಲಿ ಈಗ ಹದಿನಾಲ್ಕು ಮಹಡಿಯ ಕಟ್ಟಡವಿದೆ.

ಆ ಒಂದೂವರೆ ಗಂಟೆ ನನ್ನದಾಗಿತ್ತು. ಸಾಂಬಾರಿನ ಹಿತ್ತಾಳೆ ತಪಲೆಯ ಮುಚ್ಚಳ ತೊಳೆದು ಬಂದಿರುತ್ತಿತ್ತು. ಎರಡು ಗೇಣು ಅಗಲ, ನಡುವೆ ಹಿಡಿಕೆಯಿಲ್ಲ, ಅಂಚು ದಪ್ಪಗೆ ಮಡಿಚಿದ್ದು, ಒಂದು ಕಡೆ ಹೆಬ್ಬೆರಳಿನಷ್ಟು ನೆಗ್ಗು. ಎರಡೂ ಕೈಯಿಂದ ನಿಲ್ಲಿಸಿ ತಿರುಗಿಸಿ ಬಿಟ್ಟರೆ ಅದು ನೆಲದ ಮೇಲೆ ಸುತ್ತುತ್ತಿತ್ತು. ಒಂದೊಂದು ಸುತ್ತಿಗೂ ನೆಗ್ಗು ನೆಲಕ್ಕೆ ತಾಗಿ ‘ಟಕ್’ ಎನ್ನುತ್ತಿತ್ತು. ಗುಂವ್ ಟಕ್, ಗುಂವ್ ಟಕ್. ಸದ್ದುಗಳು ಒಂದನ್ನೊಂದು ಬೆನ್ನಟ್ಟಿ, ಟಕ್‌ಗಳೆಲ್ಲ ಕರಗಿ ಒಂದೇ ಗೆರೆಯಾಗಿ, ಆ ಗೆರೆ ತೆಳ್ಳಗಾಗಿ, ಇನ್ನೇನು ಹರಿಯಬೇಕು ಎನ್ನುವಾಗ ಮೌನ. ಆ ಮೌನದಲ್ಲಿ ನನ್ನ ಪಾದದಿಂದ ನೆತ್ತಿಯವರೆಗೆ ಏನೋ ಏರುತ್ತಿತ್ತು. ಬೆಚ್ಚಗಿನ ನೀರನ್ನು ಒಳಗಿನಿಂದ ಹೊಯ್ದ ಹಾಗೆ. ಕೈಗಳು ತಾವಾಗಿ ಅಲ್ಲಾಡುತ್ತಿದ್ದವು, ಒದ್ದೆ ಬೆರಳಿನ ನೀರನ್ನು ಕೊಡವಿದ ಹಾಗೆ, ಆದರೆ ಜೋರಾಗಿ, ಭುಜದವರೆಗೆ. ಬಾಯಿಂದ ಸಣ್ಣ ಕೂಗೊಂದು ಬರುತ್ತಿತ್ತು. ಮತ್ತೆ ಮುಚ್ಚಳ ಎತ್ತುತ್ತಿದ್ದೆ. ಇದನ್ನು ದುಃಖದ ಮಗುವಿನ ಚಿತ್ರವೆಂದು ಯಾರೂ ತಿಳಿಯಬಾರದು. ಆಮೇಲೆ ಮದುವೆ ಕಂಡಿದ್ದೇನೆ, ಮಗಳು ಹುಟ್ಟಿದ್ದಾಳೆ, ಸ್ವಂತ ಗಾಳೆಯ ಬೀಗ ತೆಗೆದಿದ್ದೇನೆ. ಅವು ಯಾವುದರಲ್ಲೂ ಸಂತೋಷ ಆ ಅಳತೆಗೆ ಬರಲಿಲ್ಲ.

ಅದನ್ನು ಅರ್ಥ ಮಾಡಿಕೊಂಡಿದ್ದವರು ನಮ್ಮ ಅಡುಗೆಯ ಸುಬ್ರಾಯ ಭಟ್ಟರು. ಕಾರ್ಕಳದ ಹತ್ತಿರದವರು, ಒಂಟಿ ಮನುಷ್ಯ, ಐವತ್ತು ದಾಟಿತ್ತು. ಹೆಗಲ ಮೇಲೆ ದಿನವೂ ಒಂದೇ ಬಣ್ಣದ ಬೈರಾಸು, ಊಟಕ್ಕೆ ಒಂದೇ ಮೂಲೆ. ಸಾಂಬಾರಿನ ಒಗ್ಗರಣೆಗೆ ಸಾಸಿವೆ ಹಾಕಿದರೆ ಅವರು ಎಡಗೈಯ ತೋರುಬೆರಳನ್ನು ಮೇಲೆತ್ತಿ ನಿಲ್ಲುತ್ತಿದ್ದರು. ಚಟಪಟ ನಿಂತ ಮೇಲೂ ಬೆರಳು ಇಳಿಯುತ್ತಿರಲಿಲ್ಲ. ಎಲ್ಲ ಸಾಸಿವೆಗಳೂ ಸಿಡಿದ ಮೇಲೆ ಯಾವಾಗಲೂ ಒಂದು ಉಳಿದಿರುತ್ತದೆ, ಅದು ತಡವಾಗಿ ‘ಪಟ್’ ಎನ್ನುತ್ತದೆ. ಅದು ಸಿಡಿದಾಗ ಭಟ್ಟರ ಕಣ್ಣು ತಾನಾಗಿ ಮುಚ್ಚಿ, ಮುಖ ಬಿಚ್ಚಿಕೊಳ್ಳುತ್ತಿತ್ತು. ಎಷ್ಟೋ ಸಲ ಅಷ್ಟರಲ್ಲಿ ಕರಿಬೇವು ಕರಟುತ್ತಿತ್ತು. “ಭಟ್ರೆ, ಆ ಒಂದು ಸಾಸಿವೆಗೆ ಬಾಸಿಂಗ ಕಟ್ಟಿ ಮದುವೆ ಮಾಡ್ಸಿಬಿಡಿ, ಅಲ್ಲಿ ಆರು ನಂಬರ್ ಮೇಜಿನವ ಕಿರುಚ್ತಿದ್ದಾನೆ!” ಎಂದು ಸಪ್ಲೈಯರುಗಳು ರೇಗಿಸುತ್ತಿದ್ದರು. ಭಟ್ಟರು ಬೆರಳು ಇಳಿಸುತ್ತಿರಲಿಲ್ಲ. “ಅದಕ್ಕೂ ಒಂದು ಹೊತ್ತು ಉಂಟು ಮಾರಾಯ” ಎನ್ನುತ್ತಿದ್ದರು, ಅಷ್ಟೇ.

ಪಕ್ಕದ ಕಟ್ಟಡದ ಮರಾಠಿ ಹೆಂಗಸು, ನಾವು ಮಾವಶಿ ಎನ್ನುತ್ತಿದ್ದವರು, ಮುಚ್ಚಳದ ಸದ್ದಿಗೆ ಮಧ್ಯಾಹ್ನದ ನಿದ್ದೆ ಕೆಡುತ್ತದೆಂದು ದೂರು ತಂದರು. “ದೇವಳಾತ್ ರಾಹತೋ ಕಾ ಆಮ್ಹೀ?” ಎಂದರು, ನಾವೇನು ದೇವಸ್ಥಾನದಲ್ಲಿ ವಾಸವಾಗಿದ್ದೇವಾ ಎಂದು. ಅದೇ ವಾರ ಶಾಲೆಯಿಂದಲೂ ಚೀಟಿ ಬಂತು: ಹುಡುಗಿ ಕರೆದರೆ ತಿರುಗುವುದಿಲ್ಲ, ಕೈ ಕೊಡವುತ್ತಾಳೆ. ಅಮ್ಮ ಅತ್ತಳು. ನನ್ನನ್ನು ಕಾಪುವಿನ ಸೋದರಮಾವನ ಮನೆಗೆ ಕಳಿಸುವುದೆಂದು ತೀರ್ಮಾನವಾಯಿತು. ಅಲ್ಲಿ ತೋಟವಿದೆ, ಹುಡುಗಿ ಸರಿಹೋಗುತ್ತಾಳೆ ಎಂಬುದು ಅಮ್ಮನ ಮಾತು. ಆ ತೀರ್ಮಾನದ ಮರುದಿನ ಭಟ್ಟರು ಬೈರಾಸಿನಿಂದ ಕೈ ಒರೆಸಿಕೊಂಡು ಗಲ್ಲಾದ ಮುಂದೆ ನಿಂತರು. ನಾನು ಮೆಟ್ಟಿಲ ಮೇಲಿದ್ದೆ.

“ಕೂಸು ಇಲ್ಲೇ ಇರ್ಲಿ. ಮುಚ್ಚಳ ಆಡ್ಲಿಕ್ಕೆ ದಿನಕ್ಕೆ ಒಂದು ಗಂಟೆ ಕೊಡಿ, ಬಾಕಿ ಹೊತ್ತು ಮುಟ್ಟುದಿಲ್ಲ.”

“ಒಂದು ಗಂಟೆಯಾ!” ಅಪ್ಪ ಎದ್ದು ಕುಳಿತರು. “ಐದು ನಿಮಿಷ. ಅದೂ ಜಾಸ್ತಿ.”

“ಐದು ನಿಮಿಷದಲ್ಲಿ ಎಣ್ಣೆಯೂ ಕಾಯುದಿಲ್ಲ ಮಾರಾಯ್ರೆ. ಮುಕ್ಕಾಲು ಗಂಟೆ.”

“ಹತ್ತು.”

“ಅರ್ಧ ಗಂಟೆ. ಕೆಳಗೆ ಗೋಣಿ ಹಾಕ್ತೇನೆ, ಮಾವಶಿಗೆ ಕೇಳುದಿಲ್ಲ. ಅದಲ್ಲದೆ ಕೂಸು ಲೋಟ ಒರೆಸಿ ಇಡ್ತದೆ.”

“ಎಷ್ಟು ಲೋಟ?”

“ಎಲ್ಲ.”

ಅಪ್ಪ ಗಲ್ಲ ಕೆರೆದುಕೊಂಡರು. “ಇಪ್ಪತ್ತು ನಿಮಿಷ. ಇನ್ನು ನೀವು ಬಾಯಿ ತೆರೆಯುದು ಬೇಡ ಭಟ್ರೆ.”

ಭಟ್ಟರು ಸೋತವರ ಹಾಗೆ ತಲೆ ತಗ್ಗಿಸಿ ಒಳಗೆ ಬಂದರು. ಅಡುಗೆಮನೆಯಲ್ಲಿ ನನ್ನ ಕಿವಿಯ ಹತ್ತಿರ ಬಗ್ಗಿ, “ನಮಗೆ ಬೇಕಾದ್ದು ಕಾಲು ಗಂಟೆ. ಐದು ನಿಮಿಷ ಲಾಭ” ಎಂದರು. “ಬೇಕಾದ್ದನ್ನು ಮೊದಲೇ ಬಾಯಿಬಿಟ್ಟು ಹೇಳ್ಬಾರ್ದು ಕೂಸೇ. ಹಿಡಿಸಿದ್ದನ್ನು ಮುಖದಲ್ಲೂ ತೋರಿಸ್ಬಾರ್ದು. ಗೊತ್ತಾಯ್ತಾ?” ನಾನು ಕಲಿತ ಮೊದಲ ಚೌಕಾಸಿ ಅದು. ನನ್ನ ವ್ಯಾಪಾರವೆಲ್ಲ ನಿಂತಿರುವುದು ಆ ಎರಡು ಮಾತಿನ ಮೇಲೆ. ನನಗೆ ಹೇಳಿದ್ದನ್ನು ನಾನು ಅಕ್ಷರಕ್ಕೆ ಅಕ್ಷರ ಪಾಲಿಸುವವಳು. ಯಾವ ಮಾತು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂಬುದು ನನಗೆ ತಾನಾಗಿ ಹೊಳೆಯುವುದಿಲ್ಲ.

ಲೋಟ ಒರೆಸುವುದು ಕಾಪುವಿಗೆ ಹೋಗದೆ ಉಳಿಯಲು ನಾನು ಕೊಟ್ಟ ಬೆಲೆಯೆಂದು ಎಲ್ಲರೂ ತಿಳಿದಿದ್ದರು. ಅದು ಎರಡನೆಯ ಸಂತೋಷವಾಯಿತು. ಬಿಸಿನೀರಿನಿಂದ ಆಗತಾನೆ ತೆಗೆದ ಸ್ಟೀಲ್ ಲೋಟದ ಹೊಟ್ಟೆಗೆ ಬಟ್ಟೆ ತೂರಿ ಒಂದು ಸುತ್ತು, ಹೊರಗೆ ಒಂದು ಸುತ್ತು. ಮಬ್ಬು ಸರಿದು ಬೆಳಕಿನ ಉಂಗುರವೊಂದು ಅಂಚಿನ ಮೇಲೆ ಓಡುತ್ತಿತ್ತು. ಒಂದರೊಳಗೊಂದು ಇಳಿಸುವಾಗ ಲೋಟ ಒಳಗಿನ ಗಾಳಿಯನ್ನು ಒತ್ತಿ ‘ಹ್ಹು’ ಎಂದು ಉಸಿರು ಬಿಡುತ್ತಿತ್ತು. ಹತ್ತರ ಗೋಪುರ, ಅದರ ಪಕ್ಕ ಹತ್ತರದು. ನೂರ ನಲವತ್ತು ಲೋಟ, ನೂರ ನಲವತ್ತು ಉಸಿರು. ಸಪ್ಲೈಯರುಗಳು ಯಾರಾದರೂ ಸಾಲು ಕೆಡಿಸಿದರೆ ಭಟ್ಟರು ಸೌಟು ಎತ್ತುತ್ತಿದ್ದರು. ಮುಚ್ಚಳದ ಇಪ್ಪತ್ತು ನಿಮಿಷಕ್ಕೆ ಅವರೂ ಬಂದು ಅಕ್ಕಿ ಮೂಟೆಗೆ ಒರಗಿ ಕೂರುತ್ತಿದ್ದರು. ಸದ್ದು ನಿಂತ ಮೇಲೆ ಅವರ ಎಡಗೈ ಬೆರಳು ಒಂದು ಕ್ಷಣ ಗಾಳಿಯಲ್ಲಿರುತ್ತಿತ್ತು.

ಎರಡು ವರ್ಷ ಹೀಗೆ ನಡೆಯಿತು. ಆಮೇಲೆ ಕಟ್ಟಡ ಬಿಲ್ಡರನಿಗೆ ಹೋಯಿತು, ಹೋಟೆಲು ಮುಚ್ಚಿತು. ಟಿಟ್ವಾಳಾದಲ್ಲಿ ಅಗ್ಗಕ್ಕೆ ಸಿಕ್ಕ ಒಂದು ಕೋಣೆಯ ಫ್ಲಾಟಿಗೆ ನಾವು ಹೊರಟೆವು. ಅಪ್ಪನಿಗೆ ವಾಶಿಯ ಕ್ಯಾಂಟೀನೊಂದರಲ್ಲಿ ಮ್ಯಾನೇಜರ್ ಕೆಲಸ, ಭಟ್ಟರಿಗೆ ಕಲ್ಯಾಣದ ಹೋಟೆಲಿನಲ್ಲಿ ಅಡುಗೆ. ಪಾತ್ರೆ ಕೊಳ್ಳುವವನು ಬಂದದ್ದು ನಾನು ಶಾಲೆಯಲ್ಲಿದ್ದ ಹೊತ್ತಿನಲ್ಲಿ. ಸಂಜೆ ಚಹಾ ಕುಡಿಯುತ್ತ ಅಪ್ಪ ಹೆಮ್ಮೆಯಿಂದಲೇ ಹೇಳಿದರು: “ಟೆಂಪೋ ಹೊರಟೇಬಿಟ್ಟಿತ್ತು. ನೋಡಿದ್ರೆ ಸಾಂಬಾರಿನ ಮುಚ್ಚಳ ಒಲೆ ಹಿಂದೆ ಉಳಿದಿದೆ. ಹಿಂದಿನಿಂದ ಸಿಗ್ನಲ್‌ವರೆಗೆ ಓಡಿ ಕೊಟ್ಟು ಬಂದೆ. ಇಲ್ಲದಿದ್ರೆ ಅವನ ತಪಲೆ ಬೋಳಾಗ್ತಿತ್ತು ಪಾಪ.” ಅದು ಉಳಿದದ್ದಲ್ಲ, ನಾನೇ ಅಡಗಿಸಿಟ್ಟದ್ದು. ಅಪ್ಪನಿಗೆ ಅದು ಹೊಳೆಯಲಿಲ್ಲ. ಮೂವತ್ತು ವರ್ಷ ಹೋಟೆಲು ನಡೆಸಿದ ಮನುಷ್ಯ, ಬಾಗಿಲು ಹಾಕುವ ದಿನವೂ ಮುಚ್ಚಳವಿಲ್ಲದ ತಪಲೆ ಮಾರಲಾರದೆ ಬಿಸಿಲಲ್ಲಿ ಓಡಿದ್ದರು. ನಾನು ಅಳಲಿಲ್ಲ. ಮಾತು ನಿಲ್ಲಿಸಿದೆ. ಟಿಟ್ವಾಳಾದ ಮನೆಯಲ್ಲಿ ರಜೆಯ ದಿನಗಳಲ್ಲಿ ಎರಡೂವರೆಯಿಂದ ಎರಡು ಐವತ್ತರವರೆಗೆ ನೆಲದ ಮೇಲೆ ಗೋಣಿ ಹಾಸಿ, ಅದರ ಮುಂದೆ ಕುಳಿತಿರುತ್ತಿದ್ದೆ. ಅಪ್ಪ ಒಂದು ಭಾನುವಾರ ಅದನ್ನು ನೋಡಿದರು. ಭಟ್ಟರಿಗೆ ಹೇಳಿ ಕಳಿಸಿದವರು ಅವರೇ ಎಂದು ಅಮ್ಮ ಎಷ್ಟೋ ಕಾಲದ ಮೇಲೆ ನನಗೆ ತಿಳಿಸಿದಳು.

ಬೇಸಿಗೆ ರಜೆಯ ಒಂದು ಮಂಗಳವಾರ ಭಟ್ಟರು ಬಂದರು. ಮಂಗಳವಾರ ಅವರ ವಾರದ ರಜೆ. ಟಿಟ್ವಾಳಾದ ಗಣಪತಿ ಗುಡಿಗೆ ಬರುವ ಜನದ ನೂಕುನುಗ್ಗಲಿನಲ್ಲಿ, ಎದೆಗೆ ಪೇಪರು ಸುತ್ತಿದ ಒಂದು ಗುಂಡನೆಯ ಗಂಟು ಒತ್ತಿಕೊಂಡು. ಬಿಚ್ಚಿದರೆ ಮುಚ್ಚಳ, ಕಲ್ಯಾಣದ ಹೋಟೆಲಿನದು. “ಸಂಜೆ ಒಳಗೆ ವಾಪಸು ಇಡ್ಬೇಕು. ಅದರ ತಪಲೆಯನ್ನು ತಟ್ಟೆ ಮುಚ್ಚಿ ಬಂದಿದ್ದೇನೆ. ತಿರುಗಿಸು ನೋಡುವಾ.” ತಿರುಗಿಸಿದೆ. “ಇದಲ್ಲ” ಎಂದೆ. ಎಷ್ಟೋ ದಿನಗಳ ಮೇಲೆ ನಾನಾಡಿದ ಮೊದಲ ಮಾತು ಅದೆಂದು ಅಮ್ಮ ಕಣ್ಣೊರೆಸಿಕೊಂಡಳು. ಮುಂದಿನ ಮಂಗಳವಾರ ಇನ್ನೊಂದು ಹೋಟೆಲಿನಿಂದ ಬೇಡಿ ತಂದದ್ದು. ಅದೂ ಅಲ್ಲ. ಅದರ ಅಂಚು ತೆಳು. ಅದರ ಮುಂದಿನದು ಅಲ್ಯುಮಿನಿಯಂ, ಎರಡೇ ಸುತ್ತಿಗೆ ಮಗುಚಿತು. “ಗಣಪತಿಗೆ ನೈವೇದ್ಯ ಕೊಂಡೋಗ್ತೀರಾ ಅಂತ ಗಾಡಿಯಲ್ಲಿ ಎಲ್ಲರೂ ಕೇಳ್ತಾರೆ” ಎಂದು ಭಟ್ಟರು ನಗುತ್ತಿದ್ದರು. “ಹೌದು ಅಂತೇನೆ. ಸೀಟು ಕೊಡ್ತಾರೆ.” ಅಮ್ಮ ಅವರಿಗೆ ನೀರುದೋಸೆ ಹೊಯ್ಯುತ್ತಿದ್ದಳು. ಅವರು ನಮ್ಮ ಸಣ್ಣ ಅಡುಗೆಮನೆಯಲ್ಲಿ ಒಗ್ಗರಣೆ ಹಾಕಿ ಬೆರಳೆತ್ತಿ ನಿಲ್ಲುತ್ತಿದ್ದರು. ನಾನೂ ಬೆರಳೆತ್ತುತ್ತಿದ್ದೆ.

ಏಳನೆಯ ಮಂಗಳವಾರ ತಂದ ಮುಚ್ಚಳ ಹಿತ್ತಾಳೆಯದು, ಭಾರದ್ದು. ಬಿಟ್ಟೆ. ಗುಂವ್ ಎಂದಿತು. ನೆಗ್ಗಿರಲಿಲ್ಲ, ಟಕ್ ಇರಲಿಲ್ಲ, ಆದರೆ ಗೆರೆ ತೆಳ್ಳಗಾಗುತ್ತ ಹೋಗಿ ಸರಿಯಾದ ಜಾಗದಲ್ಲಿ ಹರಿಯಿತು. ಪಾದದಿಂದ ಏರತೊಡಗಿತು. ಕೈ ಏಳುತ್ತಿರುವುದು ನನಗೇ ತಿಳಿಯಿತು. ಆಗ ನಾನು ಲೆಕ್ಕ ಹಾಕಿದೆ: ಇದು ಹಿಡಿಸಿತೆಂದರೆ ಹುಡುಕಾಟ ಮುಗಿಯಿತು. ಮುಚ್ಚಳ ಸಂಜೆಗೆ ವಾಪಸು ಹೋಗುತ್ತದೆ, ಅದರ ತಪಲೆಯಿಂದ ಅದನ್ನು ಬೇರೆ ಮಾಡುವ ಹಾಗಿಲ್ಲ. ಭಟ್ಟರು ಮತ್ತೆ ಬರುವ ಕಾರಣವಿರುವುದಿಲ್ಲ. ಹಿಡಿಸಿದ್ದನ್ನು ತೋರಿಸಬಾರದು. ಎರಡೂ ಕೈಗಳನ್ನು ತೊಡೆಯ ಕೆಳಗೆ ಒತ್ತಿಟ್ಟು ಕುಳಿತೆ. ಕೂಗನ್ನು ನುಂಗಿದೆ. ಭಟ್ಟರ ಬೆರಳು ಗಾಳಿಯಲ್ಲಿತ್ತು. ಅವರು ನನ್ನ ಕೈ ಹುಡುಕಿದರು. ಮುಖ ನೋಡಿದರು. “ಇದೂ ಅಲ್ವಾ ಕೂಸೇ?”

“ಇದಲ್ಲ” ಎಂದೆ.

ಬೆರಳು ಇಳಿಯಿತು. ಅವರು ಪೇಪರನ್ನು ನಿಧಾನವಾಗಿ ಸುತ್ತಿದರು. ಮುಂದಿನ ಮಂಗಳವಾರ ಬರಲಿಲ್ಲ, ಅದರ ಮುಂದಿನದೂ ಇಲ್ಲ. ಅಪ್ಪ ನನ್ನನ್ನು ಕಲ್ಯಾಣಕ್ಕೆ ಕರೆದುಕೊಂಡು ಹೋದರು. ಅಲ್ಲಿನ ಗಲ್ಲಾದವರು, “ಅವರು ಊರಿಗೆ ಹೋದ್ರು. ಬೆನ್ನುನೋವು ಅಂತಿದ್ರು. ‘ಕೂಸಿಗೆ ಯಾವುದೂ ಆಗ್ಲಿಲ್ಲ, ನನ್ನಿಂದ ಆಗುದಿಲ್ಲ’ ಅಂತ ಎಂತದೋ ಹೇಳಿದ್ರಪ್ಪ” ಎಂದರು. ಎರಡು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ಹಿಡಿಸಿತ್ತು ಎಂದು ನಾನು ಹೇಳಬೇಕಾಗಿದ್ದದ್ದು ಅವರೊಬ್ಬರಿಗೇ.

ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಠಾಣೆಯ ಡಾಕ್ಟರರೊಬ್ಬರು ನನಗೆ ಆಟಿಸಂ ಇದೆ ಎಂದು ಬರೆದುಕೊಟ್ಟರು. ಅವರ ಫೀಸಿನಲ್ಲಿ ಚೌಕಾಸಿ ನಡೆಯಲಿಲ್ಲ. ತುಂಬ ಸಂತೋಷವಾದಾಗ ಏನು ಮಾಡುತ್ತೀರಿ ಎಂದು ಅವರು ಕೇಳಿದ್ದರು. “ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಳ್ಳುತ್ತೇನೆ” ಎಂದೆ. ಅವರು ಬರೆಯುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ನನಗೆ ಭಟ್ಟರ ಬೆರಳಿನ ನೆನಪಾಗುತ್ತಿತ್ತು. ಅದಕ್ಕೂ ಈ ಹೆಸರೇ ಇತ್ತೋ ಏನೋ, ಕೇಳಲು ಅವರಿಲ್ಲ. ಸಂತೋಷವೇನೂ ನನ್ನನ್ನು ಬಿಟ್ಟು ಹೋಗಿರಲಿಲ್ಲ. ಚಾದರ ಮಡಿಚುವಾಗ ನಾಲ್ಕು ಮೂಲೆ ಕೂಡಿದರೆ ಬರುತ್ತದೆ. ಖಾಲಿ ಲೋಕಲ್ಲಿನಲ್ಲಿ ಮೇಲಿನ ಹಿಡಿಕೆಗಳೆಲ್ಲ ತಿರುವಿನಲ್ಲಿ ಒಟ್ಟಿಗೆ ವಾಲಿ ‘ಚಟ್’ ಎಂದರೆ ಬರುತ್ತದೆ. ಅಕ್ಕಿ ತೊಳೆದ ಮೂರನೆಯ ನೀರು ತಿಳಿಯಾದರೆ ಬರುತ್ತದೆ. ಯಾರಿಗೂ ಕಾಣದಂತೆ ಅದನ್ನು ಅನುಭವಿಸಲು ಕಲಿತಿದ್ದೆ ಅಷ್ಟೇ. ವ್ಯಾಪಾರಕ್ಕೆ ಅದು ಒಳ್ಳೆಯದಾಯಿತು. ನನ್ನ ಮುಖ ನೋಡಿ ಬೆಲೆ ಏರಿಸಿದವರು ಇಲ್ಲ.

ಮಾಜಿವಾಡಾದ ಮುಚ್ಚಳ ಈಗ ನಮ್ಮ ಅಡುಗೆಮನೆಯಲ್ಲಿದೆ. ಅದರ ತಪಲೆ ಬಾಲ್ಕನಿಯಲ್ಲಿ ಖಾಲಿ ಕುಳಿತಿದೆ. ಮಳೆಗಾಲದಲ್ಲಿ ಪತ್ರೊಡೆಗೆ ಕೆಸು ನೆಡೋಣವೆಂದು ಮಗಳು ಹೇಳುತ್ತಾಳೆ, ಆದರೆ ತೂತು ಕೊರೆದರೆ ಬೆಲೆ ಹೋಗುತ್ತದೆ. ಎರಡೂವರೆಗೆ ಗೋಣಿ ಹಾಸಿ ತಿರುಗಿಸಿದೆ. ಇದರಲ್ಲೂ ಟಕ್ ಇಲ್ಲ. ಆದರೂ ಪಾದದಿಂದ ಆ ಸಂತೋಷ ಬಂತು. ಕೈಗಳು ತೊಡೆಯ ಕಡೆಗೇ ಹೋದವು, ಅಭ್ಯಾಸ. ಎಳೆದು ಹೊರಗೆ ತೆಗೆದೆ.

ಇಂಥ ಮಗು ನಿಮ್ಮ ಮನೆಯಲ್ಲಿದ್ದರೆ ಕೇಳಿ, ಅನುಭವದ ಮೇಲೆ ಹೇಳುತ್ತೇನೆ. ಹಿತ್ತಾಳೆಯದೇ ಕೊಳ್ಳಿ, ಅಲ್ಯುಮಿನಿಯಂ ಬೇಡ. ಹಿಡಿಕೆ ಇರಬಾರದು, ಅಂಚು ಮಡಿಚಿರಬೇಕು, ಎರಡು ಗೇಣಿಗಿಂತ ಸಣ್ಣದು ಕೆಲಸಕ್ಕೆ ಬಾರದು. ಕೆಳಗೆ ಗೋಣಿ ಎರಡು ಮಡಿಕೆ ಹಾಸಿ, ಪಕ್ಕದ ಮನೆಯವರಿಗೆ ಹೊತ್ತು ಮೊದಲೇ ಹೇಳಿಡಿ. ಅದರಿಂದ ಏನು ಉಪಯೋಗವೆಂದು ಮಗುವನ್ನು ಕೇಳಬೇಡಿ. ಕೊಳ್ಳಲು ಹೋಗುವಾಗ ಮಗುವನ್ನು ಮನೆಯಲ್ಲಿ ಬಿಟ್ಟು ಹೋಗಿ ಎಂದು ನನ್ನ ಕಸುಬಿನವರು ಯಾರೇ ಆದರೂ ಹೇಳುತ್ತಾರೆ, ಏಕೆಂದರೆ ಅದು ಕುಣಿದರೆ ಅಂಗಡಿಯವನು ಇನ್ನೂರು ರೂಪಾಯಿ ಏರಿಸುತ್ತಾನೆ. ಕರೆದುಕೊಂಡೇ ಹೋಗಿ. ಅಂಗಡಿಯ ನೆಲದ ಮೇಲೆ ಒಂದೊಂದಾಗಿ ತಿರುಗಿಸಲು ಹೇಳಿ, ನೀವು ಅದರ ಕೈ ನೋಡುತ್ತಿರಿ. ಕೈ ಎದ್ದರೆ ಅದೇ ಮುಚ್ಚಳ. ಅಂಗಡಿಯವನೂ ನೋಡಿರುತ್ತಾನೆ. ಆ ಇನ್ನೂರು ಕೊಟ್ಟುಬಿಡಿ.